ತಿದ್ದಬೇಕಾದದ್ದು ಯಾರ ಕೈಯನ್ನು?

"ಈಗಲೇ ತಿದ್ದಿಬಿಡಿ, ದೊಡ್ಡದಾದ ಮೇಲೆ ಆಗೋದಿಲ್ಲ." ವರ್ಷದ ಕೂಸು ಎಡಗೈಯಲ್ಲಿ ಬಿಸ್ಕತ್ತು ಹಿಡಿದರೆ ಸಾಕು, ಮನೆಯಲ್ಲಿ ಯಾರಾದರೂ ಹೀಗೆನ್ನುತ್ತಾರೆ. ಸಂಶೋಧನೆಗಾಗಿ ಶಿಶುಗಳ ಬೆಳವಣಿಗೆಯ ಕುರಿತು ಓದುತ್ತಿರುವ ನನಗೆ ಈ ಅವಸರ ಕಂಡರೆ ಸಿಟ್ಟು ಬರುತ್ತದೆ.

ಕೈಯ ಒಲವು ಹುಟ್ಟಿದ ಮೇಲೆ ಅಂಟಿದ ಚಾಳಿಯಲ್ಲ. ಬೆಲ್‌ಫಾಸ್ಟ್‌ನ ಪೀಟರ್ ಹೆಪ್ಪರ್ ಮತ್ತು ಸಂಗಡಿಗರು ಗರ್ಭದಲ್ಲಿರುವ ಶಿಶುಗಳು ಹೆಬ್ಬೆರಳು ಚೀಪುವುದನ್ನು ಅಲ್ಟ್ರಾಸೌಂಡಿನಲ್ಲಿ ಗಮನಿಸಿದರು. ಅಂಥ 75 ಮಕ್ಕಳನ್ನು ಹತ್ತು-ಹನ್ನೆರಡರ ವಯಸ್ಸಿನಲ್ಲಿ ಮತ್ತೆ ನೋಡಿ, 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಲ ಹೆಬ್ಬೆರಳು ಚೀಪಿದ್ದ 60 ಮಕ್ಕಳೂ ಬಲಗೈಯವರಾಗಿದ್ದರು. ಎಡ ಹೆಬ್ಬೆರಳು ಚೀಪಿದ್ದ 15 ಮಕ್ಕಳಲ್ಲಿ 10 ಮಂದಿ ಎಡಗೈಯವರು, 5 ಮಂದಿ ಬಲಗೈಯವರು.

"ನೋಡಿ, ಐವರು ಬದಲಾದರಲ್ಲ!" ಎನ್ನುವವರಿದ್ದಾರೆ. ಒಲವು ಹಣೆಬರಹವಲ್ಲ ಎನ್ನುವುದಕ್ಕೆ ಆ ಐವರು ಸಾಕ್ಷಿ, ಗದರಿಕೆ ಒಳ್ಳೆಯದೆನ್ನುವುದಕ್ಕಲ್ಲ. ಆರು ತಿಂಗಳ ಕೂಸು ಗಿಲಕಿಗೆ ಒಮ್ಮೆ ಈ ಕೈ ಚಾಚುತ್ತದೆ, ಒಮ್ಮೆ ಆ ಕೈ. ಅನೇಕ ಮಕ್ಕಳಲ್ಲಿ ಈ ಓಲಾಟ ಮೂರು-ನಾಲ್ಕು ವರ್ಷದವರೆಗೂ ಇರುತ್ತದೆ. ಹಾಗಾಗಿ ವರ್ಷದ ಕೂಸನ್ನು ತಿದ್ದುವವರು ಇನ್ನೂ ಗಟ್ಟಿಯಾಗದ್ದನ್ನು ತಿದ್ದುತ್ತಾರೆ. ಐದು ವರ್ಷದ ಮಗುವನ್ನು ತಿದ್ದುವವರು ಗಟ್ಟಿಯಾದದ್ದನ್ನು ಮುರಿಯುತ್ತಾರೆ.

ಮುರಿದರೂ ಅದು ಪೂರ್ತಿ ಮುರಿಯುವುದಿಲ್ಲ. ಬಾಲ್ಯದಲ್ಲೇ ಬಲಗೈ ಬರವಣಿಗೆಗೆ ಒಗ್ಗಿಸಲ್ಪಟ್ಟ ಎಡಗೈಯವರ ಮಿದುಳನ್ನು 2007ರ ಅಧ್ಯಯನವೊಂದು ಸ್ಕ್ಯಾನ್ ಮಾಡಿ ನೋಡಿತು. ಚಲನೆಯನ್ನು ಯೋಜಿಸುವ ಭಾಗಗಳಲ್ಲಿ ಅವರು ಎಡಗೈಯವರಾಗಿಯೇ ಉಳಿದಿದ್ದರು. ನಾವು ತಿದ್ದಿದ್ದು ಅಕ್ಷರ ಬರೆಯುವ ಕೈಯನ್ನು ಮಾತ್ರ.

ಹಾಗಾದರೆ ಈ ಹಟ ಎಲ್ಲಿಂದ ಬಂತು? ನಮ್ಮ ಮಾತಿನಿಂದಲೇ. ಸೊಸೆ ಬಲಗಾಲಿಟ್ಟು ಬರಬೇಕು. ಸಿಡುಕುವವನು ಎಡಮಗ್ಗುಲಲ್ಲಿ ಎದ್ದವನು. ಎಡವೆಂದರೆ ಮೈಲಿಗೆಯೆಂದು ವಾದಿಸುವವರಿಗೆ ಉತ್ತರ ಸರಳ: ಎಡಗೈಯಲ್ಲಿ ಉಣ್ಣುವ ಮಗು ಬಲಗೈಯಲ್ಲಿ ತೊಳೆದುಕೊಳ್ಳಲಿ. ಸೋಪಿಗೆ ಎಡ-ಬಲದ ಭೇದವಿಲ್ಲ.

ಎಡಗೈಯವರೆಲ್ಲ ಮಹಾ ಪ್ರತಿಭಾವಂತರೆಂದು ಬೀಗುವ ಹೊಸಕಾಲದ ಪೋಷಕರೂ ಕಮ್ಮಿಯೇನಲ್ಲ. ಜಗತ್ತಿನಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಎಡಗೈಯವರು. ಅಷ್ಟು ಜನರನ್ನು ಶಾಪವೆನ್ನುವುದೂ ಬೇಡ, ಪವಾಡವೆನ್ನುವುದೂ ಬೇಡ.

ಮೇಷ್ಟ್ರುಗಳಲ್ಲಿ ಒಂದು ವಿನಂತಿ: ಎಡಗೈಯಲ್ಲಿ ಬರೆಯುವ ಮಗುವನ್ನು ಬೆಂಚಿನ ಎಡತುದಿಯಲ್ಲಿ ಕೂರಿಸಿ, ಪಕ್ಕದವರ ಮೊಣಕೈ ತಾಗುವುದಿಲ್ಲ. ಅದರ ಕೈಗೆ ನೀವು ಮಾಡಬೇಕಾದದ್ದು ಇಷ್ಟೇ.