ಗಾದಿಯ ಮಾತು: ಮನೆಯಿಂದಲೇ ಸವಾಲಿನ ವ್ಯಾಪಾರ



ಸವಾಲು ನಮಗೆ ಹೊಸತಲ್ಲ. ಸೋಲಾಪುರದ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ರಾಶಿಯ ಮುಂದೆ ನಿಂತು ಸವಾಲು ಕೂಗಿದವರು ನಮ್ಮಲ್ಲಿ ಬಹಳ ಜನರಿದ್ದಾರೆ. ಬಸದಿಯಲ್ಲಿ ಮೊದಲ ಕಲಶದ ಸವಾಲು ಏರುವುದನ್ನು ಚಿಕ್ಕ ಮಕ್ಕಳೂ ನೋಡಿದ್ದಾರೆ. ಆದರೆ ಗಿರಾಕಿಯ ಮುಖ ಕಾಣದೆ, ಅವನು ಮಾಲು ಮುಟ್ಟಿ ನೋಡದೆ, ಸಮುದ್ರದಾಚೆ ಕೂತು ಕಂಪ್ಯೂಟರಿನಲ್ಲಿ ಸವಾಲು ಹಾಕುವ ವ್ಯಾಪಾರವು ನಮ್ಮ ಮನೆಯೊಳಗೆ ಬಂದದ್ದು ಮೂರು ವರ್ಷಗಳ ಹಿಂದೆ, ಸೊಸೆಯಿಂದ.

ಅಟ್ಟದ ಮೇಲಿನ ಟ್ರಂಕಿನಲ್ಲಿ ನಮ್ಮ ಹಳೆಯ ಪೇಢಿಯ ಪತ್ರಗಳಿದ್ದವು. ಮುಂಬಯಿ, ಪುಣೆಯ ಅಡತಿಗಳು ನಮ್ಮ ತಂದೆಯವರಿಗೆ ಬರೆದವು. ಲಕೋಟೆಗಳ ಮೇಲೆ ಆರನೇ ಜಾರ್ಜ್ ದೊರೆಯ ಅಂಚೆಚೀಟಿಗಳು. ರದ್ದಿಗೆ ಹಾಕಿಬಿಡೋಣ ಎಂದು ನಾನು ಹೇಳಿದ್ದೆ. ಸೊಸೆ ಮಾತ್ರ, "ಮಾವನವರೇ, ಇಂಥವನ್ನು ಕೊಳ್ಳುವವರು ಇದ್ದಾರೆ. ಎಂಟು ದಿನ ತಡೆಯಿರಿ" ಎಂದಳು. ನಲವತ್ತು ವರ್ಷ ಗಾದಿಯ ಮೇಲೆ ಕೂತ ನನಗೆ ತಿಳಿಯದ ಬೆಲೆ ಅವಳಿಗೆ ತಿಳಿದಿತ್ತು.

ಈ ವ್ಯಾಪಾರದ ಮೂಲವನ್ನು ಸ್ವಲ್ಪ ಹೇಳುತ್ತೇನೆ. 1995ರ ಸೆಪ್ಟೆಂಬರಿನಲ್ಲಿ ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ ಪಿಯರ್ ಒಮಿಡ್ಯಾರ್ ಎಂಬ 28 ವರ್ಷದ ತರುಣನು ಕಂಪ್ಯೂಟರಿನಲ್ಲಿ ಒಂದು ಸವಾಲುಕಟ್ಟೆ ತೆರೆದನು. ಅದೇ ಮುಂದೆ ಈಬೇ ಎಂದು ಹೆಸರಾಯಿತು. ಅಲ್ಲಿ ಮೊದಲು ಮಾರಾಟವಾದದ್ದು ಏನು ಗೊತ್ತೇ? ಗೋಡೆಯ ಮೇಲೆ ಕೆಂಪು ಚುಕ್ಕೆ ತೋರಿಸುವ ಲೇಸರ್ ಕಡ್ಡಿ, ಅದೂ ಕೆಟ್ಟು ಹೋದದ್ದು. ಕೆಟ್ಟಿದೆ ಎಂದು ಬರೆದೇ ಮಾರಿದರು. 14 ಡಾಲರ್ 83 ಸೆಂಟಿಗೆ ಹೋಯಿತು. ಇದು ಕೆಟ್ಟಿರುವುದು ನಿಮಗೆ ತಿಳಿದಿದೆಯಷ್ಟೆ ಎಂದು ಒಮಿಡ್ಯಾರ್ ಕೇಳಿದಾಗ, ಕೆಟ್ಟ ಕಡ್ಡಿಗಳನ್ನೇ ನಾನು ಸಂಗ್ರಹಿಸುತ್ತೇನೆ ಎಂದು ಆ ಗಿರಾಕಿ ಉತ್ತರಿಸಿದನಂತೆ. ಮರುವರ್ಷವೇ, ಅಂದರೆ 1996ರಲ್ಲಿ, ಕೊಂಡವರು ಮತ್ತು ಮಾರಿದವರು ಒಬ್ಬರ ಬಗ್ಗೆ ಒಬ್ಬರು ಎಲ್ಲರಿಗೂ ಕಾಣುವಂತೆ ಅಭಿಪ್ರಾಯ ಬರೆಯುವ ವ್ಯವಸ್ಥೆ ಬಂತು. ನಮ್ಮ ಪೇಟೆಯಲ್ಲಿ ಪತ್ ಎನ್ನುತ್ತೇವಲ್ಲ, ಅದನ್ನೇ ಅಲ್ಲಿ ಅಂಕಿಯಲ್ಲಿ ಬರೆದಿಟ್ಟರು.

ನಮ್ಮ ದೇಶದಲ್ಲಿ 2000ದಲ್ಲಿ ಬಾಜಿ ಡಾಟ್ ಕಾಮ್ ಎಂಬ ಇಂಥದೇ ಕಟ್ಟೆ ಶುರುವಾಯಿತು. 2004ರಲ್ಲಿ ಅದನ್ನು ಈಬೇ ಕೊಂಡಿತು. ದೇಶದೊಳಗಿನ ಆ ವ್ಯಾಪಾರ 2018ರ ಆಗಸ್ಟಿನಲ್ಲಿ ಮುಚ್ಚಿತು. ಈಗ ಇಲ್ಲಿಂದ ಹೊರದೇಶಕ್ಕೆ ಮಾರುವವರಿಗೆ ಮಾತ್ರ ಅಲ್ಲಿ ಅವಕಾಶವಿದೆ. ಆದ್ದರಿಂದ ಮನೆಯಿಂದ ಮಾರಿದರೂ ಇದು ನಿರ್ಯಾತದ ವ್ಯಾಪಾರವೇ ಎಂಬುದನ್ನು ಮೊದಲು ತಿಳಿಯಬೇಕು.

ಸವಾಲು ನಡೆಯುವ ರೀತಿ ನಮ್ಮದಕ್ಕಿಂತ ಬೇರೆ. ಗಿರಾಕಿಯು ತಾನು ಕೊಡಬಲ್ಲ ಹೆಚ್ಚಿನ ಬೆಲೆಯನ್ನು ಗುಟ್ಟಾಗಿ ತಿಳಿಸುತ್ತಾನೆ. ಯಂತ್ರವು ಅವನ ಪರವಾಗಿ ಬೇಕಾದಷ್ಟೇ ಏರಿಸುತ್ತದೆ. ಒಬ್ಬ 30 ಡಾಲರ್, ಇನ್ನೊಬ್ಬ 22 ಡಾಲರ್ ಎಂದರೆ ಮಾಲು 30ಕ್ಕೆ ಹೋಗುವುದಿಲ್ಲ, ಎರಡನೆಯವನನ್ನು ಒಂದು ಮೆಟ್ಟಿಲು ದಾಟಿ 22 ಡಾಲರ್ 50 ಸೆಂಟಿಗೆ ನಿಲ್ಲುತ್ತದೆ. ಒಂದನೇ ಸಲ, ಎರಡನೇ ಸಲ ಎಂದು ಕೂಗುವವರಿಲ್ಲ. ಏಳು ದಿನ ಎಂದು ಇಟ್ಟರೆ ಏಳನೇ ದಿನ ಆ ಗಳಿಗೆಗೆ ಮುಗಿಯಿತು. ಬಹಳ ಸವಾಲುಗಳು ಕೊನೆಯ ನಿಮಿಷದಲ್ಲೇ ಬೀಳುತ್ತವೆ. ಹೀಗಾಗಿ ಅಮೆರಿಕೆ, ಇಂಗ್ಲೆಂಡಿನ ಗಿರಾಕಿಗಳು ಎಚ್ಚರವಿರುವ ಹೊತ್ತಿಗೆ ಮುಗಿಯುವಂತೆ ಇಡಬೇಕು.

ಇನ್ನು ನಮ್ಮ ಮನೆಯಲ್ಲಾದ ತಪ್ಪು. 1944ರ ಒಂದು ಲಕೋಟೆಯ ಚೀಟಿಗೆ ಮೂಲೆಯಲ್ಲಿ ಸಣ್ಣ ಹರುಕು ಇತ್ತು. ಸೊಸೆ ಹೇಳಬೇಕೇ ಎಂದು ಕೇಳಿದಳು. "ಇಷ್ಟು ಹಳೆಯ ಕಾಗದ, ಹರಿದಿರುವುದೇ. ಅದನ್ನೇನು ಬರೆಯುತ್ತೀ" ಎಂದವನು ನಾನೇ. ಲಕೋಟೆ 18 ಡಾಲರಿಗೆ ಹೋಯಿತು. ಇಂಗ್ಲೆಂಡಿನ ಗಿರಾಕಿಯಿಂದ ಹದಿನೈದು ದಿನಕ್ಕೆ ಪತ್ರ ಬಂತು. ಬೈಗುಳವಿಲ್ಲ, ಎರಡೇ ಸಾಲು: ಚೀಟಿ ಹರಿದಿದೆ, ನಿಮ್ಮ ಬರಹದಲ್ಲಿ ಅದಿಲ್ಲ. ಹೋದ ಅಂಚೆಯ ಖರ್ಚು, ಬಂದ ಅಂಚೆಯ ಖರ್ಚು, ಮಾಲಿನ ಹಣ ಎಲ್ಲವನ್ನೂ ಕೊಟ್ಟೆವು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಹೊಸ ಹೆಸರಿನ ಮೇಲೆ ಬಿದ್ದ ಕಲೆ. ನಮ್ಮ ಖಾತೆಯಲ್ಲಿ ಅಂದಿಗೆ ಆರೇ ಜನರ ಅಭಿಪ್ರಾಯಗಳಿದ್ದವು. ಏಳನೆಯದು ಇದು.

ಅದೇ ಲಕೋಟೆಯನ್ನು ಹರುಕಿನ ದೊಡ್ಡ ಫೋಟೋ ಸಹಿತ, ಮೊದಲ ಸಾಲಿನಲ್ಲೇ ದೋಷ ಬರೆದು ಮತ್ತೆ ಇಟ್ಟಳು. 11 ಡಾಲರಿಗೆ ಹೋಯಿತು. ಯಾರೂ ತಕರಾರು ಮಾಡಲಿಲ್ಲ. ಕೆಲವು ತಿಂಗಳಾದ ಮೇಲೆ ಆ ಇಂಗ್ಲೆಂಡಿನವನೇ ನಮ್ಮಿಂದ ನಾಲ್ಕು ಲಕೋಟೆ ಕೊಂಡನು. ಕಡಿಮೆ ತೂಕದ ತಕ್ಕಡಿಯನ್ನು ಎಂದೂ ಇಡಲಿಲ್ಲವೆಂಬ ಅಭಿಮಾನ ನನಗಿತ್ತು. ದೋಷ ಮುಚ್ಚಿದ ಫೋಟೋ ಕೂಡ ಸುಳ್ಳು ತಕ್ಕಡಿಯೇ ಎಂದು ಅಂದು ತಿಳಿಯಿತು.

ತಮ್ಮ ಮನೆಯಲ್ಲಿ ಸೊಸೆಯೋ ಮಗಳೋ ಇದನ್ನು ಶುರು ಮಾಡುವುದಿದ್ದರೆ ಈ ಕೆಲವು ಮಾತು.

ಮೊದಲು ಕಾಗದಪತ್ರ. ಪ್ಯಾನ್ ಕಾರ್ಡಿನ ಆಧಾರದ ಮೇಲೆ ಆಯಾತ-ನಿರ್ಯಾತದ ಕೋಡ್ ನಂಬರು ತೆಗೆಯಬೇಕು. ಸರಕಾರದ ಶುಲ್ಕ 500 ರೂಪಾಯಿ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ಖಚಿತಪಡಿಸಬೇಕು, ಮರೆತರೆ ನಿಂತುಹೋಗುತ್ತದೆ. ಜಿ.ಎಸ್.ಟಿ.ಯ ವಿಷಯವನ್ನು ತಮ್ಮ ಲೆಕ್ಕಪತ್ರದವರನ್ನು ಕೇಳಿ ಮೊದಲೇ ಸರಿಮಾಡಿಕೊಳ್ಳಿ. ಅನೇಕ ಊರುಗಳ ಅಂಚೆ ಕಚೇರಿಗಳಲ್ಲಿ ಈಗ ಡಾಕ್ ಘರ್ ನಿರ್ಯಾತ್ ಕೇಂದ್ರಗಳಿವೆ. ಪಾರ್ಸಲ್ಲಿನ ನಿರ್ಯಾತ ಕಾಗದ ಅಲ್ಲಿಯೇ ಆಗುತ್ತದೆ. ಅಮೆರಿಕೆಯು 800 ಡಾಲರ್‌ವರೆಗಿನ ಮಾಲಿಗಿದ್ದ ಸುಂಕದ ಮಾಫಿಯನ್ನು 2025ರ ಆಗಸ್ಟ್ 29ರಿಂದ ತೆಗೆದುಹಾಕಿದೆ. ಆದ್ದರಿಂದ ಆ ದೇಶಕ್ಕೆ ಬೆಲೆ ಹೇಳುವ ಮೊದಲು ಅಂದಿನ ಸುಂಕ ಕೇಳಿಕೊಳ್ಳಬೇಕು.

ಎರಡನೆಯದು, ಮಾರಬಾರದ ಮಾಲು. ಇದನ್ನು ಎಲ್ಲರೂ ಗಮನವಿಟ್ಟು ಓದಬೇಕು. 1972ರ ಪ್ರಾಚ್ಯವಸ್ತು ಕಾನೂನಿನ ಪ್ರಕಾರ ನೂರು ವರ್ಷ ದಾಟಿದ ನಾಣ್ಯ, ಮೂರ್ತಿ, ಚಿತ್ರಗಳನ್ನೂ, ಮಹತ್ವದ ಹಸ್ತಪ್ರತಿಯಾದರೆ 75 ವರ್ಷ ದಾಟಿದ್ದನ್ನೂ ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ನಮ್ಮ ಮನೆಗಳಲ್ಲಿ ರಾಣಿ ವಿಕ್ಟೋರಿಯಾಳ ರೂಪಾಯಿಗಳಿವೆ, ಪಂಚಲೋಹದ ಚಿಕ್ಕ ಜಿನಬಿಂಬಗಳಿವೆ, ತಾಡವೋಲೆಯ ಗ್ರಂಥಗಳಿವೆ. ಇವಕ್ಕೆ ಹೊರದೇಶದಲ್ಲಿ ದೊಡ್ಡ ಬೆಲೆ ಹೇಳುವವರು ಸಿಗುತ್ತಾರೆ. ಕೊಟ್ಟರೆ ಜೈಲು. ಜೈಲಿನ ಮಾತು ಬಿಡಿ, ಹಿರಿಯರು ಪೂಜಿಸಿದ್ದನ್ನು ಸವಾಲಿಗೆ ಇಟ್ಟು ಗಳಿಸುವ ಹಣ ಯಾವ ಮನೆಗೆ ಬೇಕು? ನಮ್ಮ ಟ್ರಂಕಿನ ತಳದಲ್ಲಿದ್ದ ಬೆಳ್ಳಿ ರೂಪಾಯಿಗಳು ಇಂದಿಗೂ ಅಲ್ಲಿಯೇ ಇವೆ.

ಮೂರನೆಯದು, ಸವಾಲು ಏರಿಸಲು ಭಾವಮೈದುನನಿಂದಲೋ ಗೆಳೆಯನಿಂದಲೋ ಸುಳ್ಳು ಸವಾಲು ಹಾಕಿಸಬೇಡಿ. ಈಬೇ ಅದನ್ನು ನಿಷೇಧಿಸಿದೆ. 2010ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವು ತನ್ನ ಮಾಲಿಗೆ ತಾನೇ ಸವಾಲು ಹಾಕಿದ ಒಬ್ಬ ಮಾರಾಟಗಾರನಿಗೆ ದಂಡ ವಿಧಿಸಿತು.

ನಾಲ್ಕನೆಯದು ಲೆಕ್ಕ. ನಾನು ಸೊಸೆಗೆ ಕೊಟ್ಟದ್ದು ಒಂದೇ, ಕೆಂಪು ರಟ್ಟಿನ ಒಂದು ಕಿರ್ದಿ ಪುಸ್ತಕ. 800 ರೂಪಾಯಿಗೆ ಹೋದ ಲಕೋಟೆಯಲ್ಲಿ ಈಬೇಯ ಕಮಿಷನ್ನು, ಅಂಚೆ, ಪ್ಲಾಸ್ಟಿಕ್ ಮತ್ತು ಎರಡು ಬದಿಯ ರಟ್ಟು, ಡಾಲರ್ ಬದಲಾಯಿಸಿದ ಖರ್ಚು ಕಳೆದು ಕೈಗೆ ಉಳಿದದ್ದು 370. ಈಬೇಯ ಕಮಿಷನ್ನು ಮಾಲಿನ ಬೆಲೆಯ ಮೇಲಷ್ಟೇ ಅಲ್ಲ, ಗಿರಾಕಿ ಕೊಡುವ ಅಂಚೆಯ ಹಣದ ಮೇಲೂ ಬೀಳುತ್ತದೆ. ಇದನ್ನು ಹಿಡಿಯದೆ ಬಹಳ ಜನ ಮಾರಿ ಮಾರಿ ಮುಳುಗುತ್ತಾರೆ.

ವ್ಯಾಪಾರ ಬೆಳೆಯುವಾಗ ಇನ್ನೊಂದು ವಿಚಾರ. ಬೆಲೆ ಗೊತ್ತಿಲ್ಲದ, ಒಂದೇ ಒಂದು ಇರುವ ಮಾಲಿಗೆ ಸವಾಲು ಒಳ್ಳೆಯದು. ಬೆಲೆ ಗೊತ್ತಿರುವ ಹೊಸ ಮಾಲಿಗೆ ಅಲ್ಲ. ಸೋಲಾಪುರದ ಚಾದರ, ಟವೆಲ್ಲುಗಳನ್ನು ಸೊಸೆ ಸವಾಲಿಗೆ ಇಡುವುದಿಲ್ಲ, ನಿಗದಿ ಬೆಲೆಗೆ ಇಡುತ್ತಾಳೆ. ಅದರಲ್ಲಿಯೂ ಟವೆಲ್ಲೇ ಹೆಚ್ಚು, ಏಕೆಂದರೆ ಚಾದರದ ತೂಕಕ್ಕೆ ಅಂಚೆಯ ಖರ್ಚೇ ಲಾಭವನ್ನು ನುಂಗುತ್ತದೆ.

ಮನೆಯ ಪತ್ರಗಳು ಮುಗಿದ ಮೇಲೆ ಅವಳು ಬೇರೆ ಮನೆಗಳ ಹಳೆಯ ಕಾಗದ ಕೊಳ್ಳಲು ಹೋದಳು. ನೆರೆಮನೆಯ ಅಜ್ಜಿಯೊಬ್ಬರು, "ತಗೊಂಡು ಹೋಗವ್ವ, ರೊಕ್ಕ ಏನೂ ಬ್ಯಾಡ" ಎಂದರಂತೆ. ಸೊಸೆ ಅಲ್ಲಿಯೇ ಕೂತು, ಇವು ಹೊರದೇಶದಲ್ಲಿ ಮಾರಾಟವಾಗುತ್ತವೆ, ಬಂದದ್ದರಲ್ಲಿ ಖರ್ಚು ಕಳೆದು ಅರ್ಧ ನಿಮಗೆ ಎಂದು ಹೇಳಿ ತಂದಳು. ತಿಂಗಳಿಗೊಮ್ಮೆ ಅವರ ಕೈಗೆ ಹಣ ಕೊಟ್ಟು ಬರುತ್ತಾಳೆ. ಆ ಮಾತು ಓಣಿಯಲ್ಲಿ ಹಬ್ಬಿ ಈಗ ನಾಲ್ಕು ಮನೆಯವರು ತಾವಾಗಿಯೇ ಟ್ರಂಕು ತೆರೆದು ಕರೆಯುತ್ತಿದ್ದಾರೆ.

ಹರುಕನ್ನು ಗಿರಾಕಿಗೆ ಹೇಳಬೇಕು, ಬೆಲೆಯನ್ನು ಕೊಟ್ಟವರಿಗೆ ಹೇಳಬೇಕು. ನಾನು ಗಾದಿಯ ಮೇಲೆ ಕಲಿಸಬೇಕಾಗಿದ್ದ ಪಾಠವನ್ನು ಸೊಸೆಯೇ ನನಗೆ ಕಲಿಸಿದಳು. ಈ ಸಲದ ದೀಪಾವಳಿಯ ಚೋಪಡಿ ಪೂಜೆಯಲ್ಲಿ ನನ್ನ ಖಾತೆ ಪುಸ್ತಕದ ಪಕ್ಕಕ್ಕೆ ಅವಳ ಕೆಂಪು ಕಿರ್ದಿಯನ್ನೂ ಇಡಿಸಿದೆ.