ಸಾರ್ ಇಲ್ವಾ ಮೇಡಂ?

ಆಯುಧಪೂಜೆಯ ದಿನ ಕಾರಿನ ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಲು ಹೆಂಗಸು ಬೇಕು. ಚಕ್ರದಡಿಗೆ ನಿಂಬೆಹಣ್ಣು ಇಡಲು, ಒಡೆದ ಕುಂಬಳಕಾಯಿಯ ಚೂರು ಗುಡಿಸಲು ಹೆಂಗಸು ಬೇಕು. ಅದೇ ಬಾನೆಟ್ಟನ್ನು ಎತ್ತಿ ಒಳಗೇನಿದೆ ಎಂದು ಇಣುಕಿದರೆ ಮಾತ್ರ, "ಸಾರ್ ಇಲ್ವಾ ಮೇಡಂ? ಅವರನ್ನೇ ಕಳಿಸಿ, ಮಾತಾಡ್ತೀನಿ" ಎಂಬ ಮಾತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ನಾಲ್ಕೂ ಊರಿನಲ್ಲಿ ನಾನಿದನ್ನು ಕೇಳಿದ್ದೇನೆ. ಒಂದು ಕಡೆ ಮೇಡಂ, ಇನ್ನೊಂದು ಕಡೆ ಅಕ್ಕ, ಮತ್ತೊಂದು ಕಡೆ ಅರ್ಧ ತೆಲುಗಿನಲ್ಲಿ ಅಮ್ಮ. ಅರ್ಥ ಒಂದೇ.

ಅವಮಾನವಾಯಿತೆಂದು ನಾನು ಜಗಳಕ್ಕಿಳಿದಿಲ್ಲ. ಅದು ನಮಗೆ ಅಭ್ಯಾಸವಾಗಿದೆ. ಆ ಮಾತಿನ ಮರೆಯಲ್ಲಿ ಎಂಜಿನ್ನುಗಳು ಕೆಡುತ್ತಿವೆ. ನನ್ನ ತಕರಾರು ಅದು.

ನಮ್ಮ ಮನೆಯಲ್ಲಿರುವುದು ಮಾವನವರ ಕಾಲದ ಪ್ರೀಮಿಯರ್ ಪದ್ಮಿನಿ. ಅವರಿಗೆ ಅದನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ, ನನಗೂ ಬರಲಿಲ್ಲ. ಎಂಜಿನ್ನು ಪೂರ್ತಿ ಇಳಿಸಿ, ಬೋರ್ ಹೊಡೆಸಿ, ಪಿಸ್ಟನ್ನು ರಿಂಗು ಹೊಸದು ಹಾಕಿಸಿದೆವು. ದುಡ್ಡು ಕೊಟ್ಟವಳು ನಾನು. ಕಾರು ವಾಪಸು ಬಂದಾಗ ಬಿಲ್ಲಿನಲ್ಲಿ ಒಂದೇ ಸಾಲು: ಎಂಜಿನ್ ಕೆಲಸ. ಪ್ಲಗ್ಗಿನ ಗ್ಯಾಪು ಎಷ್ಟಿಟ್ಟಿರಿ, ಟೈಮಿಂಗ್ ಎಲ್ಲಿಗೆ ಕೂರಿಸಿದಿರಿ ಎಂದು ಕೇಳಿದ್ದಕ್ಕೆ ಬಂದ ಉತ್ತರ, "ಓಡ್ತಾ ಇದೆಯಲ್ಲ ಮೇಡಂ!"

ಓಡುವುದೇನು ಮಹಾ! ಜ್ವರ ಬಂದ ಮಗುವೂ ಓಡಾಡುತ್ತದೆ.

ಹೊಸದಾಗಿ ಕಟ್ಟಿದ ಎಂಜಿನ್ನು ಮೊದಲ ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ಪ್ಲಗ್ಗು ಬಿಚ್ಚಿ ನೋಡಲೇಬೇಕು. ಎಂಜಿನ್ನು ತಣ್ಣಗಾಗಿರಬೇಕು, ನಾಲ್ಕು ವೈರುಗಳಿಗೂ ಒಂದು ಎರಡು ಮೂರು ನಾಲ್ಕು ಎಂದು ಗುರುತು ಕಟ್ಟಿಕೊಂಡಿರಬೇಕು. ಬಿಚ್ಚಿದ ಪ್ಲಗ್ಗುಗಳನ್ನು ಅದೇ ಸಾಲಿನಲ್ಲಿ ಹಳೆಯ ಪೇಪರಿನ ಮೇಲಿಡಿ. ತುದಿಯ ಪಿಂಗಾಣಿ ತಿಳಿ ಕಂದು ಬಣ್ಣಕ್ಕಿದ್ದರೆ ಕ್ಷೇಮ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚಾಗಿ ಹೋಗುತ್ತಿದೆ. ಎಣ್ಣೆಯಿಂದ ಒದ್ದೆಯಾಗಿದ್ದರೆ ರಿಂಗುಗಳು ಇನ್ನೂ ಕೂತಿಲ್ಲ. ಮೊದಮೊದಲು ಅಷ್ಟು ಕ್ಷಮಿಸಬಹುದು, ಸಾವಿರ ಕಿಲೋಮೀಟರು ದಾಟಿದ ಮೇಲೂ ಹಾಗೇ ಇದ್ದರೆ ಕಾರನ್ನು ಗ್ಯಾರೇಜಿನ ಬಾಗಿಲಿಗೇ ನಿಲ್ಲಿಸಿ ಕೇಳಿ. ಸುಟ್ಟು ಬಿಳಚಿಕೊಂಡು ಗುಳ್ಳೆ ಎದ್ದಿದ್ದರೆ ಎಂಜಿನ್ನು ವಿಪರೀತ ಕಾಯುತ್ತಿದೆ. ಮೂರು ಒಂದು ಥರ, ನಾಲ್ಕನೆಯದು ಇನ್ನೊಂದು ಥರ ಇದ್ದರೆ, ದೋಷ ಆ ಒಂದು ಸಿಲಿಂಡರಿನಲ್ಲೋ ಅದರ ವೈರಿನಲ್ಲೋ ಇದೆ. ಇಷ್ಟನ್ನು ಓದಲು ಯಾವ ಗಂಡಸಿನ ಕಣ್ಣು ಬೇಕು ಹೇಳಿ? ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಹೆಂಗಸರನ್ನು ನೋಡಿ. ಕುದಿನೀರಿನ ಹಬೆಯಲ್ಲಿ, ಕೂದಲಿಗಿಂತ ಸಣ್ಣ ಎಳೆ ತುಂಡಾದದ್ದನ್ನು ಕಂಡು ಬೆರಳಲ್ಲೇ ಸೇರಿಸುತ್ತಾರೆ. ಅಂಥ ಕಣ್ಣಿನ ಊರಿನಲ್ಲಿ ಪ್ಲಗ್ಗಿನ ಬಣ್ಣ ಹೆಂಗಸರಿಗೆ ತಿಳಿಯದಂತೆ!

(ಹೆಂಗಸರಿಗೆ ಅರ್ಥವಾಗಲೆಂದು ಎಲ್ಲವನ್ನೂ ಒಗ್ಗರಣೆಗೆ ಹೋಲಿಸಿ ಹೇಳುವ ಮಹನೀಯರೂ ಇದ್ದಾರೆ. ಅವರಿಗಿಂತ "ಸಾರ್ ಇಲ್ವಾ" ಎನ್ನುವವರೇ ವಾಸಿ.)

ಇನ್ನು ಟೈಮಿಂಗು. ಪೆಟ್ರೋಲಿನ ಹಬೆ ಕಿಡಿ ತಾಗಿದ ತಕ್ಷಣ ಪೂರ್ತಿ ಉರಿಯುವುದಿಲ್ಲ, ಉರಿ ಹರಡಲು ಚೂರು ಹೊತ್ತು ಬೇಕು. ಆದ್ದರಿಂದ ಪಿಸ್ಟನ್ನು ಮೇಲಿನ ತುದಿ ಮುಟ್ಟುವ ಕೆಲವು ಡಿಗ್ರಿ ಮೊದಲೇ ಕಿಡಿ ಹಾರಬೇಕು. ಎಷ್ಟು ಡಿಗ್ರಿ ಎಂಬುದು ಆಯಾ ಕಾರಿನ ಪುಸ್ತಕದಲ್ಲಿದೆ. ತೀರಾ ಮುಂಚೆ ಹಾರಿದರೆ, ನಂದಿಬೆಟ್ಟದ ತಿರುವು ಹತ್ತುವಾಗ ತಗಡಿನ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದ ಸದ್ದು ಕೇಳುತ್ತದೆ. ಅದು ನಿಮ್ಮ ಹೊಸ ಪಿಸ್ಟನ್ನಿನ ತಲೆಗೆ ಬೀಳುತ್ತಿರುವ ಏಟು. ತಡವಾಗಿ ಹಾರಿದರೆ ಸದ್ದಿಲ್ಲ, ಆದರೆ ಎಳೆತ ಇಲ್ಲ, ಎಂಜಿನ್ನು ಕಾದು ಎಕ್ಸಾಸ್ಟ್ ವಾಲ್ವು ಸುಡುತ್ತದೆ, ಪೆಟ್ರೋಲು ಕುಡಿಯುತ್ತದೆ.

ನಮ್ಮ ಕಡೆ ಇದನ್ನು "ಕಿವಿಯಲ್ಲೇ ಸೆಟ್ಟಿಂಗ್" ಮಾಡುತ್ತಾರೆ. ಡಿಸ್ಟ್ರಿಬ್ಯೂಟರನ್ನು ಆ ಕಡೆ ಈ ಕಡೆ ತಿರುಗಿಸಿ, ಎಂಜಿನ್ನು ಎಲ್ಲಿ ಚುರುಕಾಗಿ ಗುಂಯ್‌ಗುಟ್ಟಿತೋ ಅಲ್ಲೇ ಬಿಗಿಯುವುದು. ಪಳಗಿದ ಕಿವಿಯ ಬಗ್ಗೆ ನನಗೆ ಗೌರವವಿದೆ. ಆದರೆ ನಿಂತಲ್ಲೇ ಓಡುವ ಎಂಜಿನ್ನು ಚುರುಕಾಗುವ ಜಾಗ ಸಾಮಾನ್ಯವಾಗಿ ಇರಬೇಕಾದ್ದಕ್ಕಿಂತ ಮುಂಚೆಯೇ ಇರುತ್ತದೆ. ಅಲ್ಲಿ ಬಿಗಿದರೆ ಗ್ಯಾರೇಜಿನೊಳಗೆ ಸಂಗೀತ, ಬೆಟ್ಟದ ಮೇಲೆ ಗೋಲಿಸದ್ದು. ಮೊದಲು ಅಳತೆ, ಆಮೇಲೆ ಕಿವಿ.

ಅಳತೆಗೆ ಬೇಕಾದದ್ದಾದರೂ ಏನು? ಒಂದು ಫೀಲರ್ ಗೇಜು, ಎರಡು ತುಂಡು ವೈರು ಕಟ್ಟಿದ 12 ವೋಲ್ಟಿನ ಒಂದು ಬಲ್ಬು. ಇದನ್ನು ನನಗೆ ಕಲಿಸಿದವರು ಚಿಂತಾಮಣಿಯ ಒಬ್ಬ ವಯಸ್ಸಾದ ಮೆಕ್ಯಾನಿಕ್ಕು. "ಬಾಮ್ಮ, ನೀನೇ ಹಿಡಿ" ಎಂದು ಬಲ್ಬನ್ನು ನನ್ನ ಕೈಗೇ ಕೊಟ್ಟರು. ಕಸುಬು ಬಲ್ಲವರಿಗೆ ಅದನ್ನು ಬಚ್ಚಿಡುವ ಅಗತ್ಯ ಬೀಳುವುದಿಲ್ಲ ಎಂದು ಅಂದೇ ಅನ್ನಿಸಿತು. ಪ್ಲಗ್ಗಿನ ಗ್ಯಾಪು ಸುಮಾರು 0.6 ಮಿಲಿಮೀಟರು, ಪಾಯಿಂಟಿನದು 0.4ರ ಆಸುಪಾಸು. ಪಾಯಿಂಟಿನ ಗ್ಯಾಪು ಬದಲಾದರೆ ಟೈಮಿಂಗೂ ಬದಲಾಗುತ್ತದೆ, ಹಾಗಾಗಿ ಅದನ್ನು ಮೊದಲು ಸರಿಮಾಡಬೇಕು. ಗೇರು ನ್ಯೂಟ್ರಲ್ಲಿನಲ್ಲಿ, ಪ್ಲಗ್ಗುಗಳೆಲ್ಲ ಹೊರಗೆ. ಒಂದನೆಯ ಪ್ಲಗ್ಗಿನ ತೂತಿನ ಮೇಲೆ ಹೆಬ್ಬೆರಳಿಟ್ಟು ಎಂಜಿನ್ನನ್ನು ಕೈಯಿಂದ ತಿರುಗಿಸುತ್ತಾ ಬಂದರೆ, ಗಾಳಿ ಬೆರಳನ್ನು ತಳ್ಳುತ್ತದೆ. ಅಲ್ಲಿಂದ ಪುಲ್ಲಿಯ ಗುರುತು ಪುಸ್ತಕ ಹೇಳಿದ ಡಿಗ್ರಿಗೆ ಬರುವವರೆಗೆ ತಿರುಗಿಸಿ ನಿಲ್ಲಿಸಿ. ಬಲ್ಬಿನ ಒಂದು ವೈರು ಡಿಸ್ಟ್ರಿಬ್ಯೂಟರಿಗೆ ಕಾಯಿಲಿನಿಂದ ಬರುವ ಸಣ್ಣ ವೈರಿಗೆ, ಇನ್ನೊಂದು ಎಂಜಿನ್ನಿನ ಕಬ್ಬಿಣಕ್ಕೆ. ಸ್ವಿಚ್ಚು ಹಾಕಿ ಡಿಸ್ಟ್ರಿಬ್ಯೂಟರನ್ನು ಮೆಲ್ಲಗೆ ತಿರುಗಿಸಿದರೆ, ಪಾಯಿಂಟು ಬಿಟ್ಟುಕೊಳ್ಳುವ ಕ್ಷಣಕ್ಕೆ ಬಲ್ಬು ಹತ್ತುತ್ತದೆ. ಕಿಡಿ ಹಾರುವ ಜಾಗ ಅದೇ. ಅಲ್ಲಿ ಬಿಗಿಯಿರಿ. ವೈರುಗಳನ್ನು 1-3-4-2 ಸರದಿಯಲ್ಲಿ ಹಾಕಿ. ಪದ್ಮಿನಿಗೂ ಅಂಬಾಸಿಡರಿಗೂ ಅದೇ ಸರದಿ.

ಸೆರಗು ಫ್ಯಾನ್ ಬೆಲ್ಟಿಗೆ ಸಿಕ್ಕೀತು ಎಂದು ಹೆದರಿಸುತ್ತಾರೆ. ಓಡುವ ಎಂಜಿನ್ನಿನ ಹತ್ತಿರ ಸೆರಗು, ಜಡೆ, ಬಳೆ ಬಿಗಿಮಾಡಿಕೊಳ್ಳಬೇಕಾದ್ದು ನಿಜವೇ. ಆದರೆ ಮೇಲೆ ಹೇಳಿದ ಕೆಲಸವಷ್ಟೂ ನಡೆಯುವುದು ನಿಂತ ಎಂಜಿನ್ನಿನಲ್ಲಿ.

ಈಗಿನ ಕಾರಿಗೆಲ್ಲ ಕಂಪ್ಯೂಟರಿದೆ, ಈ ಹಳೇ ವಿದ್ಯೆ ಏಕೆ ಎಂದು ನನ್ನ ತಂಗಿಯೇ ಕೇಳುತ್ತಾಳೆ. ಹಳೆಯ ಕಾರಿಗೆ ಇದು ಈಗಲೇ ಹೆಚ್ಚು ಬೇಕು. ಸೀಸ ಬೆರೆತ ಪೆಟ್ರೋಲು ದೇಶದಲ್ಲಿ 2000ದಲ್ಲಿ ನಿಂತಿತು. ಅದನ್ನು ನೆಚ್ಚಿಕೊಂಡಿದ್ದ ವಾಲ್ವ್ ಸೀಟುಗಳು ಸವೆಯತೊಡಗಿದವು. 2023ರಿಂದ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು ಬಂದಿದೆ; ಹಳೆಯ ಕಾರ್ಬುರೇಟರಿನಲ್ಲಿ ಅದರ ಮಿಶ್ರಣ ತೆಳುವಾಗಿ ಪ್ಲಗ್ಗು ಬಿಳಚುತ್ತದೆ. ಎಪ್ಪತ್ತರ ದಶಕದ ಪುಸ್ತಕ ಬರೆದವರು ಈ ಪೆಟ್ರೋಲನ್ನು ಕಂಡವರಲ್ಲ. ಬಿಚ್ಚಿ ನೋಡದೆ ಗೊತ್ತಾಗುವುದು ಹೇಗೆ?

ನನಗೆ ಹೊಟ್ಟೆಯುರಿಯುವುದು ಇನ್ನೊಂದಕ್ಕೆ. ದೇಶದಲ್ಲೇ ಮೋಟಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಯೋಜನೆ ಹಿಡಿದು ಓಡಾಡಿದವರು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. ಮೈಸೂರಿನಲ್ಲಿ ಅದು ಕೈಗೂಡಲಿಲ್ಲ. ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಕಂಪನಿ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಪದ್ಮಿನಿ ಬಂದದ್ದು ಅದೇ ಕಂಪನಿಯಿಂದ. ಸ್ಪಾರ್ಕ್ ಪ್ಲಗ್ಗು ಎಂದರೆ ನಮ್ಮವರ ಬಾಯಲ್ಲಿ ಮೈಕೋ. ಅದೂ ಬೆಂಗಳೂರಿನ ಆಡುಗೋಡಿಯದು. ಪ್ರತಿ ಸೆಪ್ಟೆಂಬರ್ 15ಕ್ಕೆ ಸರ್ ಎಂ.ವಿ.ಯವರಿಗೆ ಹಾರ ಹಾಕಿ, ಶಾಲೆಯ ಹೆಣ್ಣುಮಕ್ಕಳಿಂದ ಸ್ವಾಗತಗೀತೆ ಹಾಡಿಸುತ್ತೇವೆ. ಹಾಡಿದ ಹುಡುಗಿಗೆ ಒಂದು ಪ್ಲಗ್ ಸ್ಪ್ಯಾನರನ್ನು ಯಾರೂ ಕೊಡುವುದಿಲ್ಲ.

ಮೋಟಾರು ಗಂಡಸರ ವಿಷಯವಂತೆ. 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬಾಕೆ, ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ, ಅವನು ಕಟ್ಟಿದ ಕಾರಿನಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ ಹೊರಟಳು. ನೂರು ಕಿಲೋಮೀಟರಿಗೂ ಮೀರಿದ ದಾರಿ. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳಂತೆ. ಕಿಡಿಯ ವೈರು ಸವೆದಾಗ ಕಾಲುಚೀಲದ ಪಟ್ಟಿ ಸುತ್ತಿ ಸರಿಮಾಡಿದಳಂತೆ. ಪ್ರಪಂಚದ ಮೊದಲ ದೂರಪ್ರಯಾಣದಲ್ಲಿ ಇಗ್ನಿಷನ್ ರಿಪೇರಿ ಮಾಡಿದವಳು ನಾಲ್ವರು ಮಕ್ಕಳ ತಾಯಿ. "ಸಾರ್ ಇಲ್ವಾ" ಎಂದು ಅವಳನ್ನು ಕೇಳಲು ದಾರಿಯಲ್ಲಿ ಆಗಿನ್ನೂ ಗ್ಯಾರೇಜುಗಳಿರಲಿಲ್ಲ.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಎಂಜಿನ್ನು ಕಟ್ಟಿಸಿದವರು ಬಿಲ್ಲಿಗೆ ಸಹಿ ಹಾಕುವ ಮೊದಲು ನಾಲ್ಕು ಪ್ಲಗ್ಗನ್ನೂ ತಮ್ಮೆದುರೇ ಬಿಚ್ಚಿಸಲಿ, ಬಲ್ಬು ಹತ್ತುವುದನ್ನು ಕಣ್ಣಾರೆ ನೋಡಲಿ, ಗ್ಯಾಪು ಮತ್ತು ಡಿಗ್ರಿಯನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಲಿ. "ಸಾರ್ ಇಲ್ವಾ" ಎಂದರೆ, ಇದ್ದಾರೆ, ಮನೆಯಲ್ಲಿ ಮಗುವಿಗೆ ಊಟ ಮಾಡಿಸುತ್ತಿದ್ದಾರೆ ಎನ್ನಿ. ಫೀಲರ್ ಗೇಜು ಸೀರೆಗೆ ಫಾಲ್ ಹೊಲಿಸುವಷ್ಟು ದುಡ್ಡಿಗೆ ಸಿಗುತ್ತದೆ. ನನ್ನದನ್ನು ಈಗಾಗಲೇ ನಮ್ಮ ಬೀದಿಯ ಮೂವರು ಒಯ್ದಿದ್ದಾರೆ. ಇಬ್ಬರು ವಾಪಸು ಕೊಟ್ಟಿದ್ದರು, ಮೂರನೆಯವರ ಹತ್ತಿರ ಇನ್ನೂ ಇದೆ.