ಊರಿಗೊಂದು ಪುಸ್ತಕ ಬೇಕು, ಬರೆಯುವವರು ಊರವರೇ ಆಗಬೇಕು

ಭೂಸನೂರ ಅಂದಕೂಡಲೇ ಹೊರಗಿನವರಿಗೆ ನೆನಪಾಗುವುದು ಸಕ್ಕರೆ ಕಾರ್ಖಾನೆ. ಆಳಂದ ತಾಲ್ಲೂಕಿನ ಈ ಊರು ನನ್ನದು. ಕಾರ್ಖಾನೆ ಬಿಟ್ಟರೆ ಅಲ್ಲಿ ಮತ್ತೇನಿದೆ ಎಂದು ಕೇಳಿದರೆ ಓದಿಕೊಂಡವರೂ ಸುಮ್ಮನಾಗುತ್ತಾರೆ. ಅವರನ್ನು ದೂರಿ ಫಲವಿಲ್ಲ. ಓದಲು ಏನಾದರೂ ಇದ್ದರಲ್ಲವೇ ಓದುವುದು? ಊರಿನ ಭೂಗೋಳದ ಬಗ್ಗೆ ನಾಲ್ಕು ಪುಟ, ಚರಿತ್ರೆಯ ಬಗ್ಗೆ ಹತ್ತು ಪುಟ, ಪಂಚಾಯಿತಿ ನಡೆದುಬಂದ ದಾರಿಯ ಬಗ್ಗೆ ಒಂದಿಷ್ಟು ಟಿಪ್ಪಣಿ, ಇಷ್ಟನ್ನು ಹೊಲಿದಿಟ್ಟ ಪುಸ್ತಕ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಎಷ್ಟು ಪಂಚಾಯಿತಿ ಕಚೇರಿಗಳಲ್ಲಿ ಸಿಕ್ಕೀತು? ತನ್ನ ಬಗ್ಗೆ ತಾನು ಬರೆದುಕೊಳ್ಳದ ಊರಿಗೆ ಸ್ವಂತ ಆಡಳಿತವಿದೆ ಎನ್ನುವುದು ಅರ್ಧ ಸುಳ್ಳು ಎಂಬುದು ನನ್ನ ವಾದ.

ಕಾಗದಕ್ಕೇನೂ ಬರವಿಲ್ಲ. ಪಹಣಿ ಇದೆ, ಸರ್ವೆ ನಕಾಶೆ ಇದೆ, ಜನಗಣತಿಯ ಕೋಷ್ಟಕವಿದೆ, ರೇಷನ್ ಯಾದಿ, ಮತದಾರರ ಯಾದಿ ಎಲ್ಲ ಇವೆ. ಇವೆಲ್ಲ ಬೇರೆಯವರು ತಮ್ಮ ಕೆಲಸಕ್ಕಾಗಿ ನಮ್ಮ ಬಗ್ಗೆ ಬರೆದುಕೊಂಡವು. ಎರೆಹೊಲದಲ್ಲಿ ತೊಗರಿ ಬಿತ್ತುವವನಿಗೆ ಒಂದೊಂದು ಹೊಲಕ್ಕೂ ಒಂದು ಹೆಸರಿದೆ. ಬನ್ನಿಗಿಡದ ಹೊಲ, ತಗ್ಗಿನ ಹೊಲ, ಗುಡಿ ಹೊಲ ಎಂದು ಕರೆಯುತ್ತಾನೆ. ಪಹಣಿಗೆ ಅದು ಬರೀ ಸರ್ವೆ ನಂಬರು, ಹಿಸ್ಸಾ. ಹೆಸರಿನೊಳಗೆ ಮಣ್ಣಿನ ಗುಣವಿತ್ತು, ನೀರು ನಿಲ್ಲುವ ಜಾಗವಿತ್ತು. ನಂಬರಿನೊಳಗೆ ಅದ್ಯಾವುದೂ ಇಲ್ಲ.

ಯಾದಿ ದೂರದವರ ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದನ್ನು ಆಳಂದದವರಿಗೆ ಬೇರೆ ಹೇಳಬೇಕಿಲ್ಲ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಈ ಕ್ಷೇತ್ರದಲ್ಲಿ ಮತದಾರರ ಹೆಸರು ತೆಗೆಯಲು ಆನ್‌ಲೈನಿನಲ್ಲಿ 6,018 ಅರ್ಜಿಗಳು ಬಂದಿದ್ದವು. ಪರಿಶೀಲಿಸಿದಾಗ ಅವುಗಳಲ್ಲಿ ಸರಿಯಿದ್ದವು 24 ಮಾತ್ರ. ಅರ್ಜಿ ಬಂದ ದಾರಿ ಕಂಪ್ಯೂಟರಿನದು. ಅದು ಸುಳ್ಳೆಂದು ತೋರಿಸಿದ್ದು ಮಾತ್ರ ಈ ಮನೆಯಲ್ಲಿ ಇಂಥವರು ಇದ್ದಾರೆ ಎಂಬ ಊರ ತಿಳಿವಳಿಕೆ. ಅಂಥ ತಿಳಿವಳಿಕೆ ಇಂದು ಬಾಯಲ್ಲಷ್ಟೇ ಇದೆ. ಬಾಯಿ ಮುಚ್ಚಿದ ದಿನ ಅದೂ ಮಣ್ಣಿಗೆ ಹೋಗುತ್ತದೆ.

"ಹಳ್ಳಿಗೆ ಎಂಥ ಚರಿತ್ರೆ?" ಎನ್ನುವವರಿದ್ದಾರೆ. ಅವರ ಲೆಕ್ಕದಲ್ಲಿ ಚರಿತ್ರೆ ಎಂದರೆ 1347ರಲ್ಲಿ ಕಲಬುರಗಿ ಬಹಮನಿಗಳ ರಾಜಧಾನಿಯಾದದ್ದು, ಆಮೇಲೆ ನಿಜಾಮ, 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ, 1956ರ ಏಕೀಕರಣ. ಅಲ್ಲಿಂದ ಈಚೆಗೆ ನಮ್ಮ ಬಗ್ಗೆ ಉಳಿದದ್ದು "ಹಿಂದುಳಿದ" ಎಂಬ ಒಂದೇ ಪದ. 2002ರ ನಂಜುಂಡಪ್ಪ ಸಮಿತಿ ವರದಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅತ್ಯಂತ ಹಿಂದುಳಿದವು 39, ಅವುಗಳಲ್ಲಿ 21 ಕಲಬುರಗಿ ವಿಭಾಗದವು. ವರದಿ ಬೇಕಾಗಿತ್ತು, ಅದರಿಂದ ಅನುದಾನಕ್ಕೆ ದನಿ ಬಂತು, ಇಲ್ಲವೆನ್ನಲಾರೆ. ಆದರೆ ಹಿಂದುಳಿದಿರುವಿಕೆಯ ಅಂಕಿಸಂಖ್ಯೆಯೇ ಒಂದು ನಾಡಿನ ಆತ್ಮಕಥೆ ಆಗಬಾರದು.

ಊರ ಚರಿತ್ರೆಯಲ್ಲಿ ಏನಿರಬೇಕು? ನಿಜಾಮರ ಕಾಲದ ಸರಕಾರಿ ಭಾಷೆ ಉರ್ದು. ಹಳೆಯ ಭೂದಾಖಲೆಯನ್ನು ಓದಿಸಿಕೊಳ್ಳಲು ನಮ್ಮವರು ಉರ್ದು ಬಲ್ಲವರನ್ನು ಹುಡುಕಬೇಕು. 1954-55ರ ಖಾಸ್ರಾ ಪಹಣಿಯನ್ನು ಇವತ್ತಿಗೂ ವ್ಯಾಜ್ಯಗಳಲ್ಲಿ ಹಾಜರುಪಡಿಸುತ್ತಾರೆ. ಉಳುವವನು ಯಾರಿದ್ದ, ಹೆಸರು ಯಾರದಿತ್ತು ಎಂಬ ಕಥೆ ಆ ಕಾಗದದಲ್ಲಿದೆ. ಪಶ್ಚಿಮಕ್ಕೆ ಅಕ್ಕಲಕೋಟ, ಆಗ ಅದು ಬೇರೆಯೇ ಸಂಸ್ಥಾನ. ಇಂದು ಮಹಾರಾಷ್ಟ್ರದಲ್ಲಿದೆ, ಆದರೆ ಅಲ್ಲಿಯೂ ಮನೆಮಾತು ಕನ್ನಡವಾಗಿರುವ ಜನ ಇದ್ದಾರೆ. ಹೆಣ್ಣು ಕೊಟ್ಟು ತರುವ ಸಂಬಂಧಗಳು ಗಡಿ ದಾಟಿಯೇ ನಡೆದಿವೆ. ನಕಾಶೆಯ ಗೆರೆ ಊರಿನ ಬದುಕಿನೊಳಗೆ ಹೇಗೆ ಹಾದುಹೋಯಿತು ಎಂಬುದನ್ನು ಬೆಂಗಳೂರಿನ ಯಾವ ಗ್ರಂಥಾಲಯವೂ ಹೇಳಲಾರದು.

ಇದಕ್ಕೆ ಬರುವ ಗಟ್ಟಿ ಆಕ್ಷೇಪ ಒಂದಿದೆ. ಊರವರು ಬರೆದರೆ ಅದು ಗೌಡರ ಮನೆತನದ ಹೊಗಳಿಕೆಯಾಗುತ್ತದೆ, ಇಲ್ಲವೇ ಹಳೆಯ ಗಾಯ ಕೆದಕಿ ಜಗಳವಾಗುತ್ತದೆ ಎಂಬುದು. ಅಪಾಯ ನಿಜ. ರಜಾಕಾರರ ದಾಳಿಯ ಕಥೆ ನಮ್ಮಲ್ಲಿ ಪ್ರತಿ ಸೆಪ್ಟೆಂಬರ್ 17ರಂದು ಭಾಷಣವಾಗುತ್ತದೆ. ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯ ಮಾತು ಬಂದರೆ ವೇದಿಕೆ ಮೌನ. ಸರಕಾರವೇ ಕಳಿಸಿದ ಸುಂದರಲಾಲ್ ಸಮಿತಿ, ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿಯನ್ನೂ ಸೇರಿಸಿತ್ತು. ಎರಡೂ ಬರೆಯದಿದ್ದರೆ ಅದು ಚರಿತ್ರೆಯಲ್ಲ. ಯಾವ ಕೇರಿಯವರಿಗೆ ಯಾವ ಬಾವಿಯ ನೀರು ಸಿಗುತ್ತಿರಲಿಲ್ಲ ಎಂಬುದನ್ನೂ ಬರೆಯಬೇಕು. ಅದಕ್ಕೇ ಈ ಪುಸ್ತಕವನ್ನು ಒಬ್ಬ ಪಂಡಿತನ ಕೈಗೆ ಕೊಡಬಾರದು. ಪ್ರತಿ ಕೇರಿಯವರೂ ಹೇಳಬೇಕು, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು, ಒಪ್ಪದವರ ಮಾತನ್ನೂ ಪಕ್ಕದಲ್ಲಿ ದಾಖಲಿಸಬೇಕು. ಬರೆಯದೆ ಬಿಟ್ಟರೆ ಜಗಳ ತಪ್ಪುವುದಿಲ್ಲ, ಗಟ್ಟಿ ಗಂಟಲಿನವನ ಕಥೆಯೊಂದೇ ಉಳಿಯುತ್ತದೆ.

ಇನ್ನೊಂದು ಆಕ್ಷೇಪ: ಮೊದಲು ನೀರು, ರಸ್ತೆ ಆಗಲಿ, ಚರಿತ್ರೆ ಆಮೇಲೆ. ನೀರಿನ ಮಾತನ್ನೇ ತೆಗೆದುಕೊಳ್ಳೋಣ. ಅಮರ್ಜಾ ನದಿ ಆಳಂದ ಸೀಮೆಯಲ್ಲಿ ಹುಟ್ಟಿ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಸೇರುತ್ತದೆ. ಭೀಮೆ ಅಲ್ಲಿಂದ ಜೇವರ್ಗಿಯ ಕಡೆಗೆ ಇಳಿಯುತ್ತಾಳೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ದಂಡೆಯ ಊರುಗಳು ಮುಳುಗಿದವು. ನೀರು ಯಾವ ಮನೆಯ ಯಾವ ಮೆಟ್ಟಿಲಿನತನಕ ಬಂತು, ಯಾವ ಹಳ್ಳ ಹಿಂದಕ್ಕೆ ಒತ್ತಿತು ಎಂಬುದು ಅಲ್ಲಿನ ಮುದುಕಿಯರಿಗೆ ಗೊತ್ತು. ಜರ್ಮನಿಯ ನದಿದಂಡೆಯ ಊರುಗಳಲ್ಲಿ ಹಳೆಯ ಪ್ರವಾಹಗಳ ನೀರಿನ ಮಟ್ಟವನ್ನು ಗೋಡೆಯ ಮೇಲೆ ಇಸವಿ ಸಮೇತ ಕೆತ್ತಿರುತ್ತಾರೆ. ಮನೆ ಎಲ್ಲಿ ಕಟ್ಟಬಾರದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಚರಿತ್ರೆ ಅಂದರೆ ಅದೇ, ರಸ್ತೆ ಹಾಕುವ ಮುಂಚೆ ಕೇಳಬೇಕಾದ ಮಾತು.

ಜರ್ಮನಿಯ ಹೆಸರು ಬಂದಿದ್ದಕ್ಕೆ ಇನ್ನೊಂದು ಕಾರಣವಿದೆ. ಅಲ್ಲಿ ಸಣ್ಣ ಊರು ಎಂದರೆ ನಿಜಕ್ಕೂ ಸಣ್ಣದು. ರೈನ್‌ಲ್ಯಾಂಡ್-ಪಲಾಟಿನೇಟ್ ಎಂಬ ರಾಜ್ಯದಲ್ಲಿ ಸುಮಾರು 41 ಲಕ್ಷ ಜನರಿಗೆ ಸುಮಾರು 2,300 ಸ್ಥಳೀಯ ಸಂಸ್ಥೆಗಳಿವೆ. ಶ್ಲೆಸ್ವಿಗ್-ಹೋಲ್‌ಸ್ಟೈನ್‌ನಲ್ಲಿ 70 ಜನರಿಗಿಂತ ಹೆಚ್ಚಿಲ್ಲದ ಊರಿಗೆ ಸದಸ್ಯರ ಆಯ್ಕೆಯೇ ಇಲ್ಲ, ಮತದಾರರೆಲ್ಲ ಸೇರಿದ ಸಭೆಯೇ ಪಂಚಾಯಿತಿ. ಇಂಥ ಊರುಗಳ ಮುಖ್ಯಸ್ಥರು ಸಂಬಳದ ನೌಕರರಲ್ಲ. ಕಚೇರಿ ಕೆಲಸವನ್ನು ನಾಲ್ಕಾರು ಊರುಗಳು ಕೂಡಿ ಮಾಡಿಸಿಕೊಳ್ಳುತ್ತವೆ, ತೀರ್ಮಾನ ಮಾತ್ರ ತಮ್ಮಲ್ಲೇ ಇಟ್ಟುಕೊಳ್ಳುತ್ತವೆ. ನಮ್ಮ ರಾಜ್ಯದ ಹಳ್ಳಿಗಳಲ್ಲಿ 2011ರ ಗಣತಿಯಂತೆ ಸುಮಾರು 3.75 ಕೋಟಿ ಜನ, ಪಂಚಾಯಿತಿಗಳು ಸುಮಾರು ಆರು ಸಾವಿರ. ನಮ್ಮದು ದೊಡ್ಡ ಘಟಕ, ಕೈಯಲ್ಲಿರುವ ಅಧಿಕಾರ ಮಾತ್ರ ಸಣ್ಣದು.

ನಮಗೇನು ಪರಂಪರೆ ಇಲ್ಲವೇ? 1987ರಲ್ಲಿ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳ ಚುನಾವಣೆ ನಡೆಸಿ ದೇಶಕ್ಕೆ ದಾರಿ ತೋರಿಸಿದ ರಾಜ್ಯ ಇದು, ನಜೀರ್ ಸಾಬರ ರಾಜ್ಯ. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು, 29 ವಿಷಯಗಳ ಪಟ್ಟಿ ಕೊಟ್ಟಿತು. ಅದೇ ರಾಜ್ಯದಲ್ಲಿ 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ಕ್ಕೆ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಯಾವ ಸರಕಾರ ಬಂದರೂ ಅವಸರವಿಲ್ಲ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇಕಡಾ 60ರಷ್ಟನ್ನು ನೀರು, ನೈರ್ಮಲ್ಯಕ್ಕೇ ಎಂದು ಮೊದಲೇ ಕಟ್ಟಿಹಾಕಿದರು. ನೀರು, ನೈರ್ಮಲ್ಯ ಬೇಡವೆನ್ನುವವರು ಯಾರು? ಆದರೆ ಮೇಲಿನವರು ಬರೆದದ್ದನ್ನು ಜಾರಿ ಮಾಡುವುದಷ್ಟೇ ಕೆಲಸವಾದರೆ ಪಂಚಾಯಿತಿ ಎಂದು ಏಕೆ ಕರೆಯಬೇಕು, ಉಪಕಚೇರಿ ಅಂದರಾಯಿತು.

ಊರು ತನ್ನ ಬಗ್ಗೆ ಬರೆದುಕೊಳ್ಳಲು ಕಾನೂನಿನ ಅಡ್ಡಿಯಿಲ್ಲ, ಮಾದರಿಯೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಸ್ಥಳೀಯ ಸಂಸ್ಥೆಯೂ ಜನರನ್ನು ಕೇಳಿ ಗಿಡ, ಬೆಳೆ, ಪ್ರಾಣಿಗಳ ದಾಖಲೆ ಪುಸ್ತಕ ಮಾಡಬೇಕು. ಹಸಿರು ನ್ಯಾಯಮಂಡಳಿ 2020ರ ಜನವರಿಯ ಗಡುವು ಹಾಕಿ ದಂಡದ ಮಾತಾಡಿದ ಮೇಲೆ ಅವಸರಕ್ಕೆ ನಮೂನೆ ತುಂಬುವ ಕೆಲಸ ನಡೆಯಿತು. ಆ ಪುಸ್ತಕವನ್ನು ಬೀರುವಿನಿಂದ ಹೊರಗೆ ತೆಗೆದು, ಅದಕ್ಕೇ ಹೊಲದ ಹೆಸರು, ಹಳ್ಳದ ದಾರಿ, ಬಾವಿಯ ಕಥೆ, ಹಳೆಯ ಠರಾವುಗಳನ್ನು ಸೇರಿಸಿದರೆ ಆರಂಭಕ್ಕೆ ಸಾಕು.

ನಮ್ಮ ಮುಂದಿನ ಗ್ರಾಮಸಭೆಯಲ್ಲಿ ಇದನ್ನೊಂದು ಠರಾವಾಗಿ ಮಂಡಿಸಬೇಕೆಂದಿದ್ದೇನೆ. ಮನೆ, ಶೌಚಾಲಯ, ಬೀದಿದೀಪದ ಫಲಾನುಭವಿಗಳ ಯಾದಿ ಓದಿ ಮುಗಿದ ಮೇಲೆ ಅರ್ಧ ಗಂಟೆ ಸಾಕು. ಶಾಲೆಯ ಮಾಸ್ತರು ಬರೆದುಕೊಳ್ಳಲಿ, ಎಂಟನೇ ತರಗತಿಯ ಹುಡುಗಿಯರು ಅಜ್ಜಿಯರನ್ನು ಕೇಳಿಕೊಂಡು ಬರಲಿ. ನಿಮ್ಮ ಊರಿನ ಗ್ರಾಮಸಭೆಯೂ ಬರುತ್ತದೆ. ಅಲ್ಲಿ ನೀವು ಎದ್ದು ನಿಂತು, ಊರಿನ ಪುಸ್ತಕ ಎಲ್ಲಿದೆ ತೋರಿಸ್ರಿ ಎಂದು ಕೇಳಿ ನೋಡಿ. ಇಲ್ಲ ಎಂದರೆ, ಬರೆಯಲು ಒಂದು ವಹಿ ತರಿಸಿಕೊಡ್ರಿ ಎನ್ನಿ.